ನಲವತ್ತು ಜನ ಎಳೆದ ರೆಕ್ಕೆ

ಕಾಪುವಿನಲ್ಲಿ ವಿಮಾನ ಬಿದ್ದ ಕತೆಯನ್ನು ನೀವು ಬೇರೆಯವರ ಬಾಯಲ್ಲಿ ಕೇಳಿರಬಹುದು. ಕೇಳಿದ್ದರೆ ದಯವಿಟ್ಟು ಮರೆತುಬಿಡಿ. ಒಬ್ಬರು ಅದಕ್ಕೆ ಎಂಜಿನ್ ಇತ್ತು ಎನ್ನುತ್ತಾರೆ, ಇನ್ನೊಬ್ಬರು ಒಳಗೆ ಬಿಳಿ ಸಾಹೇಬನಿದ್ದ ಎನ್ನುತ್ತಾರೆ, ಅಂಬಲಪಾಡಿಯ ಒಬ್ಬ ಮಹಾನುಭಾವರಂತೂ ಅದು ಲೈಟ್‌ಹೌಸಿಗೆ ಬಡಿದು ಬಿತ್ತೆಂದು ನನ್ನ ಮುಖದೆದುರೇ ಹೇಳಿದರು. ಎಂಜಿನ್ ಇರಲಿಲ್ಲ. ಸಾಹೇಬನೂ ಇರಲಿಲ್ಲ. ಒಳಗೆ ಕುಳಿತಿದ್ದವಳು ನಾನು, ಡುಲ್ಸಿನ್, ಕಾಪು ಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು. ಆಗ ನನಗೆ ಇಪ್ಪತ್ಮೂರು ವರ್ಷ, ಅಕ್ಕಿ ಮಿಲ್ಲಿನ ತಕ್ಕಡಿಯಲ್ಲಿ ಎಂಬತ್ತೆಂಟು ಪೌಂಡು ತೂಕ. ನನಗಿಂತ ಚೆನ್ನಾಗಿ ಈ ಕತೆ ಯಾರಿಗಾದರೂ ಗೊತ್ತಿದ್ದರೆ ಅವರೂ ಒಂದು ಸಲ ಬಿದ್ದು ತೋರಿಸಲಿ.

ಶುರುವಾದದ್ದು ೧೯೬೦ರ ಮಳೆಗಾಲ ಮುಗಿದ ಮೇಲೆ. ಬೆಳ್ಮಣ್ಣಿನ ಎಡ್ಮಂಡ್ ಒಂದು ದಿನ ನನ್ನ ಅಂಗಡಿಗೆ ಬಂದ. ಅವನು ನನ್ನ ಮಾಯ್‌ಗೆ, ಎಂದರೆ ತಾಯಿಗೆ, ದೂರದ ಸಂಬಂಧಿ. ವಾಯುಪಡೆಯಲ್ಲಿ ಆರು ವರ್ಷ ವಿಮಾನಗಳ ರೆಕ್ಕೆ ರಿಪೇರಿ ಮಾಡಿ, ಯಾರಿಗೂ ಕಾರಣ ಹೇಳದೆ ಕೆಲಸ ಬಿಟ್ಟು ಬಂದು, ಮಣಿಪಾಲದಲ್ಲಿ ಹೊಸದಾಗಿ ಏಳುತ್ತಿದ್ದ ಕಟ್ಟಡಗಳಿಗೆ ಬಾಗಿಲು ಕಿಟಕಿ ಮಾಡುತ್ತಿದ್ದ. ಒಂದು ಕಿಟಕಿಯನ್ನು ಮೂರು ಸಲ ಬಿಚ್ಚಿ ಮೂರು ಸಲ ಕೂರಿಸುತ್ತಾನೆಂದು ಮೇಸ್ತ್ರಿಗಳು ಅವನನ್ನು ಬೈಯುತ್ತಿದ್ದರು. ಬಂದವನು ಮೇಜಿನ ಮೇಲೆ ಒಂದು ಚೀಟಿ ಇಟ್ಟ. ಎರಡು ತೋಳು, ಒಂದೊಂದು ಹದಿನಾರು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ.

"ಯಾರ ಬ್ಲೌಸು ಮಾರಾಯ ಇದು?" ಎಂದೆ.

"ಬ್ಲೌಸ್ ಅಲ್ಲ. ಗ್ಲೈಡರಿನ ರೆಕ್ಕೆ. ಎಂಜಿನ್ ಇಲ್ಲದ ವಿಮಾನ. ಯಾರಿಗೂ ಹೇಳಬೇಡ."

ನನಗೆ ಹಾಗೆ ಹೇಳುವುದೂ ಒಂದೇ, ಡಂಗುರ ಹೊಡೆಸುವುದೂ ಒಂದೇ. ಆದರೆ ಆ ಸಲ ನಾನು ಬಾಯಿ ಬಿಡಲಿಲ್ಲ. ಯಾಕೆಂದರೆ ಚೀಟಿ ಓದಿದ ಗಳಿಗೆಯಲ್ಲೇ ನಾನು ತೀರ್ಮಾನ ಮಾಡಿಯಾಗಿತ್ತು: ಅದರಲ್ಲಿ ಹಾರುವವಳು ನಾನೇ. ಬಜ್ಪೆಗೆ ಬರುವ ವಿಮಾನ ಮೋಡದ ಕೆಳಗೆ ಕಾಣಿಸಿದಾಗಲೆಲ್ಲ ಹೊಲಿಗೆ ಬಿಟ್ಟು ರಸ್ತೆಗೆ ಓಡುತ್ತಿದ್ದವಳು ನಾನು. ಎಷ್ಟು ಗಿರಾಕಿಗಳ ಕಂಕುಳು ಅದರಿಂದ ಬಿಗಿಯಾಗಿದೆಯೋ ದೇವರೇ ಬಲ್ಲ.

ರೆಕ್ಕೆಯ ಒಳಗಿನ ತೊಲೆಗೆ ಎಡ್ಮಂಡ್ ಕಾರ್ಕಳದ ಸಾಮಿಲ್ಲಿನಲ್ಲಿ ಮೂರು ವಾರ ಕುಳಿತು ಮರ ಆರಿಸಿದ. ಹಾಯಿಮರಕ್ಕೆ ಹಾಕುವಂಥ, ನಾರು ನೇರವಾಗಿರುವ ಮರ. ಅಷ್ಟು ಉದ್ದದ ಒಂದೇ ತುಂಡು ಸಿಗಲಿಲ್ಲ. ಎರಡು ತುಂಡುಗಳ ತುದಿಯನ್ನು ಓರೆಯಾಗಿ ಸೀವಿ, ಒಂದರ ಮೇಲೊಂದು ಮಲಗಿಸಿ, ಬಾಂಬೆಯಿಂದ ತರಿಸಿದ ಅಂಟು ಹಚ್ಚಿ ಜೋಡಿಸಿದ. ಆ ಜೋಡಣೆಯನ್ನು ಅವನು ದಿನಕ್ಕೆ ಹತ್ತು ಸಲ ಹೆಬ್ಬೆರಳಲ್ಲಿ ಸವರುತ್ತಿದ್ದ. ನಾನು ಬೆಳ್ಮಣ್ಣಿನ ಅವನ ಶೆಡ್ಡಿಗೆ ಬಸ್ಸಿನಲ್ಲಿ ಹೋಗಿ ಕುಳಿತು ಬಟ್ಟೆ ಹೊಲಿಯುತ್ತಿದ್ದೆ. ಬಾಯಿ ಸುಮ್ಮನಿರಬೇಕಲ್ಲ?

"ಮಗುವಿನ ಕೆನ್ನೆ ಸವರಿದ ಹಾಗೆ ಸವರುತ್ತೀಯಲ್ಲ. ಅದಕ್ಕೆ ಎಂತ ಆಗ್ತದೆ?"

ಅವನು ನಗಲಿಲ್ಲ. ಆವತ್ತೇ ಮ್ಯಾಥ್ಯೂನ ವಿಷಯ ಹೇಳಿದ. ಮ್ಯಾಥ್ಯೂ ಅವನ ಸ್ನೇಹಿತ, ಕೊಟ್ಟಾಯಂ ಕಡೆಯ ಹುಡುಗ, ಪೈಲಟ್. ಮರದ ರೆಕ್ಕೆಯ ತರಬೇತಿ ವಿಮಾನವೊಂದು ಮೇಲಿನಿಂದ ಧುಮುಕಿ ಪುನಃ ಏಳುವಾಗ ಅದರ ರೆಕ್ಕೆ ಮುರಿಯಿತು. ಹದಿನೈದು ದಿನ ಮೊದಲು ಆ ರೆಕ್ಕೆಯ ತೊಲೆಗೆ ಅಂಟು ಹಾಕಿ ಜೋಡಿಸಿದ್ದು ಎಡ್ಮಂಡ್. ವಿಮಾನ ಬಿದ್ದು ಪೂರ್ತಿ ಸುಟ್ಟುಹೋಯಿತು. ಅಂಟು ಬಿಟ್ಟಿತೋ, ಮರವೇ ಮುರಿಯಿತೋ ನೋಡಲು ಒಂದು ಚೂರೂ ಉಳಿಯಲಿಲ್ಲ. ವಿಚಾರಣೆ ಮಾಡಿದವರು ಕಾರಣ ತಿಳಿದಿಲ್ಲ ಎಂದು ಬರೆದು ಫೈಲು ಮುಚ್ಚಿದರು.

"ಅಂಟು ಬಿಟ್ಟಿದ್ದರೆ ನಾನು ಕೊಂದ ಹಾಗೆ," ಎಂದ ಎಡ್ಮಂಡ್. "ನನಗೆ ಗೊತ್ತಾಗಬೇಕು ಡುಲ್ಸಿನ್. ನನ್ನ ಕೈಯ ಜೋಡಣೆ ಗಾಳಿಯಲ್ಲಿ ನಿಲ್ಲುತ್ತದಾ ಇಲ್ಲವಾ. ಅದಕ್ಕೇ ಇದನ್ನು ಮಾಡುವುದು."

ನನ್ನ ಸೂಜಿ ನಿಂತಿತು. ನಾನು ಮೋಜಿಗೆ ಬಂದಿದ್ದೆ, ಅವನು ಪ್ರಾಣ ಹಿಡಿದುಕೊಂಡು ಬಂದಿದ್ದ. ಆಮೇಲೆ ಹೊಲಿಗೆಗಳನ್ನು ಒತ್ತೊತ್ತಾಗಿ ಹಾಕಿದೆ.

ಡಿಸೆಂಬರಿನಲ್ಲಿ ಪರೀಕ್ಷೆ. ಅವನು ಗ್ಲೈಡರನ್ನು ಅಂಗಾತ ತಿರುಗಿಸಿ, ಹೊಟ್ಟೆ ಮೇಲಾಗಿ ಕಂಬಗಳ ಮೇಲೆ ಕೂರಿಸಿ, ರೆಕ್ಕೆಗಳ ಮೇಲೆ ಮರಳಿನ ಮೂಟೆ ಪೇರಿಸತೊಡಗಿದ. ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ ಮಾಯ್, ಬರ್ತಾಬಾಯಿ ಎಂದರೆ ಇಡೀ ಕಾಪು ಹೆದರುವ ಹೆಂಗಸು, ಕೊಡೆ ಹಿಡಿದು ನಿಂತು ನೋಡಿದಳು.

"ಎಡ್ಮಂಡಾ, ನಿನಗೆ ತಲೆ ಸಮ ಉಂಟಾ? ಕಟ್ಟಿದವನೇ ಮುರಿಯುತ್ತೀಯಾ? ಅದೂ ತಲೆಕೆಳಗು ಮಾಡಿ?"

"ರೆಕ್ಕೆ ಕೆಳಕ್ಕೆ ಮುರಿಯುವುದಿಲ್ಲ ಆಂಟಿ, ಮೇಲಕ್ಕೆ ಮುರಿಯುತ್ತದೆ," ಎಂದ ಅವನು. "ವಿಮಾನವನ್ನು ಎತ್ತಿ ಹಿಡಿಯುವುದೇ ರೆಕ್ಕೆ ಅಲ್ವಾ? ನೇರ ಹಾರುವಾಗ ಅದು ವಿಮಾನದ ತೂಕ ಮಾತ್ರ ಹೊರುತ್ತದೆ. ಮೇಲೇರಲೆಂದು ಹಾರಿಸುವವನು ಕೈಯ ಕೋಲು ಹಿಂದಕ್ಕೆ ಜಗ್ಗಿದರೆ ತೂಕ ಎರಡು ಪಟ್ಟು, ಮೂರು ಪಟ್ಟು ಆಗುತ್ತದೆ. ಕೆಳಗಿನಿಂದ ಯಾರಾದರೂ ಹಗ್ಗ ಎಳೆಯುತ್ತಿದ್ದರೆ ಅದೂ ಸೇರುತ್ತದೆ. ವಿಮಾನದ ಮೈಯನ್ನು ಭಾರ ಕೆಳಕ್ಕೆ ಎಳೆಯುತ್ತದೆ, ರೆಕ್ಕೆಯನ್ನು ಗಾಳಿ ಮೇಲಕ್ಕೆ ಎತ್ತುತ್ತದೆ. ನಡುವೆ ತೊಲೆ ಸಾಯುತ್ತದೆ."

ಮಾಯ್‌ಗೆ ಅರ್ಥವಾದದ್ದು ಕೊನೆಯ ಶಬ್ದ ಮಾತ್ರ. ಅವಳು ಶಿಲುಬೆ ಗುರುತು ಹಾಕಿಕೊಂಡಳು. ಆದರೆ ರೆಕ್ಕೆ ಮೂರು ಪಟ್ಟು ಭಾರ ತಡೆಯಿತು, ಬಾಗಿತು, ಮೂಟೆ ಇಳಿಸಿದ ಮೇಲೆ ಪುನಃ ನೇರವಾಯಿತು. ಎಡ್ಮಂಡ್ ಕಂಬಕ್ಕೆ ಒರಗಿ ಕುಳಿತು ಬೆವರು ಒರೆಸಿಕೊಂಡ.

ಹಾರುವುದು ಯಾರು ಎಂಬ ಜಗಳ ಎರಡು ವಾರ ನಡೆಯಿತು. ಅವನು ನೂರಾ ಎಪ್ಪತ್ತು ಪೌಂಡು. ಅವನು ಕುಳಿತರೆ ಗ್ಲೈಡರ್ ನೆಲ ಬಿಡುವುದು ಅನುಮಾನ ಎಂದು ಅವನ ಲೆಕ್ಕವೇ ಹೇಳುತ್ತಿತ್ತು. ನಾನು ಅದೇ ಲೆಕ್ಕದ ಹಾಳೆಯನ್ನು ಅವನ ಮೂಗಿಗೆ ಹಿಡಿದೆ. ಮಾಯ್ ಮೂರು ದಿನ ಊಟ ಬಿಟ್ಟಳು, ನಾನು ನಾಲ್ಕು ದಿನ ಬಿಟ್ಟೆ. ಕಡೆಗೆ ಒಪ್ಪಂದವಾಯಿತು. ತೆಂಗಿನಮರದ ಅರ್ಧಕ್ಕಿಂತ ಮೇಲೆ ಹೋಗಬಾರದು. ನೆಲ ಬಿಟ್ಟ ಕೂಡಲೇ ಎಣಿಸಲು ಶುರುಮಾಡಬೇಕು, ಐದಕ್ಕೆ ಕೋಲು ಮುಂದೆ ತಳ್ಳಿ, ಹಗ್ಗದ ಕೊಂಡಿ ಬಿಡಿಸಿ, ನೇರ ಇಳಿಯಬೇಕು. ತಪ್ಪಿದರೆ ನಾನು ಜೀವಮಾನದಲ್ಲಿ ಇನ್ನು ಅದರಲ್ಲಿ ಕೂರುವ ಹಾಗಿಲ್ಲ. ಮಾಯ್‌ಯ ಜಪಸರ ಮುಟ್ಟಿ ಆಣೆ ಮಾಡಿದೆ.

ಗ್ಲೈಡರನ್ನು ಎಳೆಯಲು ಎಡ್ಮಂಡ್ ಆರಿಸಿದ್ದು ಕಾಪುವಿನ ರಂಪಣಿ ಬಲೆಯವರನ್ನು. ಸಮುದ್ರದಲ್ಲಿ ಅರ್ಧ ಮೈಲಿ ಬಲೆ ಬೀಸಿ, ನಲವತ್ತು ಐವತ್ತು ಜನ ದಡದಲ್ಲಿ ನಿಂತು ಒಂದೇ ಉಸಿರಿಗೆ ಎಳೆಯುವವರು. ಅವರ ತಂಡೇಲ, ಎಂದರೆ ಮುಖ್ಯಸ್ಥ, ದೇವದಾಸ. ಐವತ್ತು ದಾಟಿದ್ದರೂ ಎದೆ ಬಾಗಿಲಿನಷ್ಟು ಅಗಲ.

"ಮೀನಿಲ್ಲದ ಬಲೆ ಎಳೆಯುವುದಾ ಪೊರ್ಬುಗಳೇ?" ಎಂದು ಅವನು ನಕ್ಕ. "ಎಳೆಯುವ. ಬಾಯಮ್ಮನನ್ನು ಆಕಾಶಕ್ಕೆ ಕಳಿಸುವ. ಹಗ್ಗ ನಮ್ಮದೇ ಆಗಬಹುದು." ನಮ್ಮ ಕ್ರಿಶ್ಚಿಯನ್ ಗಂಡಸರನ್ನು ಅವರು ಕರೆಯುವುದು ಪೊರ್ಬು ಎಂದು, ಹೆಂಗಸರನ್ನು ಬಾಯಮ್ಮ ಎಂದು.

ಆ ಹಗ್ಗದ ತುದಿಗೆ, ಗ್ಲೈಡರಿನ ಕೊಂಡಿಯ ಹತ್ತಿರ, ಎಡ್ಮಂಡ್ ಒಂದು ಗೇಣು ಉದ್ದದ ತೆಳು ಹಗ್ಗದ ತುಂಡು ಸೇರಿಸಿದ. ಮೂರು ಅಕ್ಕಿಮುಡಿಯ, ಎಂದರೆ ಹುಲ್ಲಿನಲ್ಲಿ ಬಿಗಿದ ಅಕ್ಕಿಮೂಟೆಯ, ಭಾರ ಬಿದ್ದರೆ ಅದು ಪಟ್ಟೆಂದು ಹರಿಯುತ್ತದೆ. ಶೆಡ್ಡಿನ ಜಂತಿಗೆ ಮುಡಿ ಕಟ್ಟಿ ನೇತುಹಾಕಿ ಅದನ್ನು ನನಗೆ ತೋರಿಸಿದ್ದ. ಎಳೆತ ಜಾಸ್ತಿಯಾದರೆ ರೆಕ್ಕೆಯ ಬದಲು ಅದು ಸಾಯಲಿ ಎಂದು. "ಇದನ್ನು ಯಾರೂ ಮುಟ್ಟಬಾರದು," ಎಂದು ದೇವದಾಸನಿಗೆ ಹೇಳಿದ. ಯಾಕೆಂದು ಹೇಳಲಿಲ್ಲ. ಕಡಿಮೆ ಮಾತಿನವರು ದೊಡ್ಡವರು ಎಂದು ಜನ ಹೇಳುತ್ತಾರೆ, ಸುಳ್ಳು. ನನ್ನಂಥವಳು ಹೇಳಿದ್ದರೆ ನಲವತ್ತು ಜನಕ್ಕೂ ಕಂಠಪಾಠ ಆಗುತ್ತಿತ್ತು.

ಜನವರಿಯ ಒಂದು ಭಾನುವಾರ, ಚರ್ಚಿನ ಪೂಜೆ ಮುಗಿಸಿ, ಮಧ್ಯಾಹ್ನ ಮೂರಕ್ಕೆ ಕಡಲಕರೆಗೆ ಹೋದೆವು. ವಾಯವ್ಯದ ಗಾಳಿ ಚೆನ್ನಾಗಿ ಎದ್ದಿತ್ತು. ಯಾರಿಗೂ ಹೇಳಿರಲಿಲ್ಲ, ಹಾಗಾಗಿ ಇಡೀ ಕಾಪು ಬಂದಿತ್ತು. ಕಡಲೆ ಮಾರುವವನು ಬಂದಿದ್ದ, ಮೊಮ್ಮಕ್ಕಳನ್ನು ಎತ್ತಿಕೊಂಡ ಅಜ್ಜಂದಿರು ಬಂದಿದ್ದರು, ಪಡುಬಿದ್ರಿಯಿಂದ ಒಂದು ಬಸ್ಸು ಜನ ಇಳಿದಿದ್ದರು. ನಾನು ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಮಾಯ್‌ಯ ಮುಖ ನೋಡದೆ ಸೀಟಿನಲ್ಲಿ ಕುಳಿತೆ. ಸೀಟು ಎಂದರೆ ಒಂದು ಹಲಗೆ. ಎದುರಿಗೆ ಏನೂ ಇಲ್ಲ, ಪಾದಗಳ ಕೆಳಗೆ ಮರಳು.

"ಐದು," ಎಂದ ಎಡ್ಮಂಡ್. ಮುಖ ಬಿಳಿಚಿತ್ತು.

"ಐದು, ಐದು, ಐದು! ಹೋಗು ಆಚೆ!"

ದೂರದಲ್ಲಿ ದೇವದಾಸ ಕೈ ಎತ್ತಿದ. ನಲವತ್ತು ಗಂಟಲುಗಳಿಂದ ಅವರ ಎಳೆಯುವ ಕೂಗು ಹೊರಟಿತು. ಹಗ್ಗ ಬಿಗಿಯಿತು. ಮರಳು ನನ್ನ ಕಾಲಿನ ಕೆಳಗೆ ಜಾರಿತು, ಕುಣಿಯಿತು, ಆಮೇಲೆ ಇಲ್ಲವೇ ಇಲ್ಲ! ನಾನು ನೆಲದ ಮೇಲೆ ಇರಲಿಲ್ಲ. ಒಂದು, ಎಂದು ಕೂಗಿದೆ. ಎರಡು. ಮೂರು. ಅಯ್ಯೋ ನನ್ನ ದೇವರೇ, ಮೂರಕ್ಕೆ ತೆಂಗಿನ ಗರಿಗಳು ನನ್ನ ಕಣ್ಣಿನ ಸಮಕ್ಕೆ ಬಂದವು. ನಾಲ್ಕು, ಐದು.

ಐದಕ್ಕೆ ಕೋಲು ಮುಂದೆ ತಳ್ಳಬೇಕಿತ್ತು.

ನಾನು ಹಿಂದಕ್ಕೆ ಎಳೆದೆ. ಮರೆತು ಅಲ್ಲ, ಹೆದರಿ ಅಲ್ಲ, ಬೇಕೆಂದೇ ಎಳೆದೆ. ಮನೆಗಳ ಹೆಂಚು ಕಂಡಿತು, ಹೆಂಚಿನ ಮೇಲೆ ಒಣಗಲು ಹಾಕಿದ ಹಪ್ಪಳ ಕಂಡಿತು. ಇನ್ನಷ್ಟು ಎಳೆದೆ. ಬಂಡೆಯ ಮೇಲಿನ ಲೈಟ್‌ಹೌಸಿನ ಕಿಟಕಿ ಎದುರಾಯಿತು, ಒಳಗಿದ್ದವನ ತೆರೆದ ಬಾಯಿ ಕಂಡಿತು. ನಾನು ಅವನಿಗೆ ಕೈ ಬೀಸಿದೆ! ಕೆಳಗೆ ಮಾಯ್‌ಯ ಕೊಡೆ ಒಂದು ಬಟನ್ ಆಗಿತ್ತು. ನಾನು ನಗುತ್ತಿದ್ದೆ, ಕಿರುಚುತ್ತಿದ್ದೆ, ಜೊತೆಗೆ ಎಣಿಸುತ್ತಲೂ ಇದ್ದೆ. ಹನ್ನೊಂದು, ಹನ್ನೆರಡು. ನನ್ನ ಕಿರುಚಾಟ ಕೇಳಿ ಕೆಳಗಿನವರಿಗೆ ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ಅವರು ಹಗ್ಗ ಹಿಡಿದು ಇನ್ನೂ ಜೋರಾಗಿ ಓಡಿದರು. ಅಷ್ಟು ಹೊತ್ತಿಗೆ ಆ ತೆಳು ಹಗ್ಗ ಹರಿಯಬೇಕಿತ್ತು. ಹರಿಯಲಿಲ್ಲ. ಎಡಗಡೆಯ ರೆಕ್ಕೆ ಮೇಲಕ್ಕೆ ಬಾಗುತ್ತಾ ಬಂತು, ಹೊಲಿಗೆಗಳು ಬಿಗಿದು ಹಾಡತೊಡಗಿದವು. ಹದಿನೇಳು. ಹದಿನೆಂಟು.

ಹಸಿ ಬಿದಿರು ಸೀಳಿದಂತೆ ಸದ್ದಾಯಿತು. ಎಡ ರೆಕ್ಕೆಯ ತುದಿಯ ಭಾಗ, ಕೆಳಗಿನಿಂದ ರೆಕ್ಕೆಗೆ ಕೊಟ್ಟ ಆಸರೆಯ ಆಚೆ, ಮೇಲಕ್ಕೆ ಮಡಚಿಕೊಂಡಿತು. ನಾನು ಎರಡೂ ಕೈಯಿಂದ ಕೊಂಡಿ ಜಗ್ಗಿ ಹಗ್ಗ ಬಿಟ್ಟೆ. ಗ್ಲೈಡರ್ ಎಡಕ್ಕೆ ವಾಲಿ, ಸುತ್ತಿ, ಸಮುದ್ರದ ಕಡೆ ಇಳಿಯಿತು. ಆಕಾಶ, ನೀರು, ಆಕಾಶ, ಆಮೇಲೆ ಬರೀ ನೀರು. ಉಳಿದ ರೆಕ್ಕೆ ಕೊನೆವರೆಗೂ ಗಾಳಿ ಹಿಡಿದದ್ದರಿಂದ ನಾನು ಬದುಕಿದೆ, ಮತ್ತು ಬಿದ್ದ ಕಡೆ ನೀರು ಎದೆಯಷ್ಟೇ ಇತ್ತು. ಉಪ್ಪುನೀರು ಉಗುಳಿ ಎದ್ದು ನಿಂತಾಗ ನಲವತ್ತು ಜನ ನನ್ನ ಕಡೆ ಓಡಿ ಬರುತ್ತಿದ್ದರು. ಕೈ ಕಾಲು ಎಣಿಸಿಕೊಂಡೆ, ಎಲ್ಲ ಇದ್ದವು.

ಎಲ್ಲರಿಗಿಂತ ಮೊದಲು ತಲುಪಿದವಳು ಮಾಯ್. ಅಲೆ ಸೊಂಟಕ್ಕೆ ಬಡಿಯುತ್ತಿದ್ದರೂ ಕೊಡೆ ಬಿಟ್ಟಿರಲಿಲ್ಲ. ಅದರಿಂದ ನನಗೆ ಎರಡು ಬಿತ್ತು, ಅಡ್ಡ ಬಂದ ದೇವದಾಸನಿಗೆ ನಾಲ್ಕು ಬಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಮೇಲೆ ಅವಳು ನನ್ನನ್ನು ತಬ್ಬಿಕೊಂಡು ಎಷ್ಟು ದೊಡ್ಡ ಸ್ವರದಲ್ಲಿ ಅತ್ತಳೆಂದರೆ ಪಡುಬಿದ್ರಿಯವರು ನಾನು ಸತ್ತೆನೆಂದು ಟೊಪ್ಪಿ ತೆಗೆದರು. ಜನ ಗ್ಲೈಡರನ್ನು ದಡಕ್ಕೆ ಎಳೆದರು.

ಎಡ್ಮಂಡ್ ಮಾತ್ರ ನೀರಿನ ಅಂಚಿನಲ್ಲೇ ನಿಂತಿದ್ದ. ನಾನು ಕುಂಟುತ್ತಾ ಹತ್ತಿರ ಹೋದೆ.

"ಬದುಕಿದ್ದೇನೆ ಮಾರಾಯ. ನೋಡು."

ಅವನು ನೋಡಿದ್ದು ನನ್ನನ್ನಲ್ಲ, ತನ್ನ ಕೈಗಳನ್ನು. "ಅಂಟು ಬಿಟ್ಟಿತು," ಎಂದ. "ಮ್ಯಾಥ್ಯೂನದ್ದೂ ಹೀಗೇ. ನಾನೇ ಅವನನ್ನು ಕೊಂದದ್ದು. ಈಗ ನಿನ್ನನ್ನೂ..." ತಿರುಗಿ ನಡೆಯತೊಡಗಿದ.

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಆಕಾಶದಲ್ಲಿ ಆಗಿರದ ಹೆದರಿಕೆ. ಸುಮ್ಮನಿದ್ದರೆ ತಪ್ಪು ಅವನ ಅಂಟಿನದ್ದಾಗುತ್ತದೆ, ನನ್ನ ಹಾರಾಟ ಉಳಿಯುತ್ತದೆ. ಇನ್ನೊಂದು ರೆಕ್ಕೆ ಮಾಡಿಸಿಕೊಳ್ಳಲು ನನ್ನ ಬಾಯಿಗೆ ಎಷ್ಟು ಹೊತ್ತು? ಹೇಳಿದರೆ ನನಗೆ ಇನ್ನು ನೆಲವೇ ಗತಿ. ನಾಚಿಕೆಬಿಟ್ಟು ಹೇಳುತ್ತೇನೆ, ನಾಲ್ಕು ಹೆಜ್ಜೆಯಷ್ಟು ಹೊತ್ತು ನಾನು ಸುಮ್ಮನಿದ್ದೆ. ಅವನ ಬೆನ್ನು ಮುದುಕನ ಬೆನ್ನಿನ ಹಾಗೆ ಕಾಣುತ್ತಿತ್ತು.

"ನಾನು ಐದಕ್ಕೆ ಬಿಡಲಿಲ್ಲ!" ಎಂದು ಕಿರುಚಿದೆ. "ಕೋಲು ಹಿಂದಕ್ಕೆ ಎಳೆದೆ. ಬೇಕೆಂದೇ ಎಳೆದೆ. ಲೈಟ್‌ಹೌಸಿನವನಿಗೆ ಕೈ ಬೀಸಿದೆ!"

ಅವನು ನಿಂತ. ದೇವದಾಸ, ಕೊಡೆಯೇಟಿನ ತಲೆ ಉಜ್ಜುತ್ತಾ, ಮುಂದೆ ಬಂದ.

"ಪೊರ್ಬುಗಳೇ, ಬಾಯಮ್ಮನಿಗೆ ಬೈಯಬೇಡಿ. ಬಲೆ ಹಾಕುವ ಮೊದಲು ಹಗ್ಗ ಕೈಯಲ್ಲಿ ಬಿಟ್ಟು ನೋಡುವುದು ನಮ್ಮ ಕ್ರಮ. ತುದಿಯಲ್ಲಿ ನೀವು ಮುಟ್ಟಬಾರದು ಎಂದ ಆ ಸಪೂರ ತುಂಡು ಸಿಕ್ಕಿತು. ಅದರ ಮೇಲೆ ಒಂದು ಹೆಣ್ಣಿನ ಜೀವ ಬಿಡುವುದಾ? ಕಡಿದು ಬಿಸಾಡಿ ಗಟ್ಟಿ ಹಗ್ಗ ಹೊಸೆದು ಸೇರಿಸಿದೆ. ಹೇಳಿದರೆ ನಿಮಗೆ ಮರ್ಯಾದೆ ಕಡಿಮೆ ಅಂತ ಹೇಳಲಿಲ್ಲ. ಹಗ್ಗ ಹರಿಯಲಿಲ್ಲ ಅಲ್ವಾ?" ಆ ಕೊನೆಯ ಮಾತಿನಲ್ಲಿ ಹೆಮ್ಮೆಯೇ ಇತ್ತು, ಪಾಪ.

"ಹರಿಯಲಿಕ್ಕೇ ಇಟ್ಟದ್ದು ಅದು!" ಎಂದೆ ನಾನು. "ಹಗ್ಗ ಹರಿದಿದ್ದರೆ ರೆಕ್ಕೆ ಉಳಿಯುತ್ತಿತ್ತು!"

ದೇವದಾಸ ನನ್ನನ್ನು, ಹಗ್ಗವನ್ನು, ಎಡ್ಮಂಡನನ್ನು ನೋಡಿದ. ಮೂವತ್ತು ವರ್ಷ ಹರಿಯದ ಹಗ್ಗಕ್ಕೆ ಹೆಸರಾದವನು. ಮರಳಿನಲ್ಲಿ ಕುಳಿತುಬಿಟ್ಟ.

ಎಡ್ಮಂಡ್ ಇನ್ನೂ ಅಲ್ಲಾಡಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಮುರಿದ ರೆಕ್ಕೆಯ ಎದುರು ನಿಲ್ಲಿಸಿದೆ. ನಾನೇ ಹೊಲಿದ ಬಟ್ಟೆಯನ್ನು ನಾನೇ ಹರಿದೆ. "ಸುಟ್ಟುಹೋಗಿಲ್ಲ ಇದು. ನೋಡು!"

ಅವನು ಕಣ್ಣು ಮುಚ್ಚಿಕೊಂಡ. ನಾನು ಅವನ ಹೆಬ್ಬೆರಳು ಹಿಡಿದು ತೊಲೆಯ ಮೇಲಿಟ್ಟೆ. ಬೆರಳು ಮೆಲ್ಲಗೆ ಸರಿಯಿತು. ಜೋಡಣೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ಪುನಃ ಬಂತು. ಒಂದು ಕೂದಲಷ್ಟೂ ಬಿರುಕಿರಲಿಲ್ಲ. ಜೋಡಣೆಯಿಂದ ಒಂದು ಮೊಳ ಆಚೆ ಮರವೇ ಹರಿದಿತ್ತು, ಉದ್ದುದ್ದ ನಾರಾಗಿ, ಬಿಳಿಯಾಗಿ.

"ಮರ ಹೋಗಿದೆ," ಎಂದ ಅವನು. ಕಣ್ಣು ತೆರೆದ. "ಅಂಟು ಹೋಗಿಲ್ಲ. ಡುಲ್ಸಿನ್, ಅಂಟು ಹೋಗಿಲ್ಲ! ಎಷ್ಟರವರೆಗೆ ಎಣಿಸಿದೆ?"

"ಹದಿನೆಂಟು."

"ಹದಿನೆಂಟಾ? ಕೋಲು ಪೂರ್ತಿ ಎಳೆದು? ನಲವತ್ತು ಜನ ಎಳೆಯುತ್ತಾ?" ಅವನು ನಗತೊಡಗಿದ. "ದೇವದಾಸಣ್ಣ, ಕೇಳಿದಿರಾ? ನಿಮ್ಮ ನಲವತ್ತು ಜನರನ್ನು ನನ್ನ ರೆಕ್ಕೆ ಹದಿನೆಂಟರವರೆಗೆ ತಡೆಯಿತು!" ದೇವದಾಸ ಕುಳಿತಲ್ಲಿಂದಲೇ ತಲೆ ಎತ್ತಿ, ಅದು ಮಾತು, ಎಂದ. ಎಡ್ಮಂಡ್ ನಗುತ್ತಲೇ ಒದ್ದೆ ಮರಳಿಗೆ ಕುಸಿದ. ನಗು ಯಾವಾಗ ಅಳುವಾಯಿತು ಎಂದು ನನಗೆ ಗೊತ್ತಾಗಲಿಲ್ಲ. ನಾನೂ ಪಕ್ಕದಲ್ಲಿ ಕುಳಿತು ಅತ್ತೆ. ಮಾಯ್ ನಮ್ಮಿಬ್ಬರ ಮೇಲೆ ಕೊಡೆ ಹಿಡಿದು ನಿಂತಳು.

ಅಳು ನಿಂತ ಮೇಲೆ ಅವನು ಹೇಳಿದ. "ಮ್ಯಾಥ್ಯೂನದ್ದು ಇದರಿಂದ ಗೊತ್ತಾಗುವುದಿಲ್ಲ."

"ಇಲ್ಲ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಅವನ ತಾಯಿ ಮೂರು ಕಾಗದ ಬರೆದರು. ನೀನು ಅಲ್ಲೇ ಇದ್ದೆಯಲ್ಲ ಮಗನೇ, ಎಂತ ಆಯಿತು ಅಂತ ಹೇಳು ಅಂತ. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಗೊತ್ತಿಲ್ಲ ಅಂತ ಬರೆದರೆ ತಪ್ಪಿಸಿಕೊಂಡ ಹಾಗೆ ಅನಿಸುತ್ತಿತ್ತು." ಅವನು ಮೂಗು ಒರೆಸಿಕೊಂಡ. "ಈಗ ಬರೆಯಬಹುದು. ನನಗೆ ಗೊತ್ತಿಲ್ಲ ಅಮ್ಮ ಅಂತ."

ಮಾಯ್ ಅವನ ತಲೆಯ ಮೇಲೆ ಕೈ ಇಟ್ಟಳು. "ಕಾಗದದಲ್ಲಿ ಬೇಡ ಎಡ್ಮಂಡಾ," ಎಂದಳು. "ಮಗ ಹೋದ ತಾಯಿ. ಹೋಗಿ ಹೇಳು."

ಅವನು ಮರುದಿನ ಬೆಳಗ್ಗಿನ ಬಸ್ಸಿಗೆ ಮಂಗಳೂರಿಗೆ ಹೋಗಿ, ಅಲ್ಲಿಂದ ಕೊಟ್ಟಾಯಂಗೆ ರೈಲು ಹತ್ತಿದ.